ಓದುಗರ ಪ್ರಶ್ನೆ, ನಮ್ಮ ಉತ್ತರ: ಮೂರೂವರೆ ನಕ್ಷತ್ರದ ಲೆಕ್ಕ

ಹೊಸ ಚಿತ್ರಗಳ ಬಗ್ಗೆ ವಿಮರ್ಶಕರು ಹೇಳುವ ಅಭಿಪ್ರಾಯಗಳನ್ನು ಎಷ್ಟು ನಂಬಬೇಕು, ಅವರು ಯಾವ ಅಳತೆಯಿಂದ ಅಳೆಯುತ್ತಾರೆ ಎಂದು ಕೇಳಿ ಬಂದಿರುವ ಪತ್ರಗಳು ಸಾಕಷ್ಟು ಸೇರಿವೆ. ಅವುಗಳಲ್ಲಿ ಆರನ್ನು ಆಯ್ದು ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ. ಉದಾಹರಣೆಗಳನ್ನು ಹೆಚ್ಚಾಗಿ 2024 ಮತ್ತು 2025ರ ಕನ್ನಡ ಚಿತ್ರಗಳಿಂದ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ‘ಮ್ಯಾಕ್ಸ್’ ಚಿತ್ರಕ್ಕೂ ನಕ್ಷತ್ರ ಕೊಡುತ್ತಾರೆ, ‘ಮಿಥ್ಯ’ ಚಿತ್ರಕ್ಕೂ ನಕ್ಷತ್ರ ಕೊಡುತ್ತಾರೆ. ಒಂದು ಹೊಡೆದಾಟದ ಚಿತ್ರ, ಇನ್ನೊಂದು ಅನಾಥ ಹುಡುಗನ ಮೌನದ ಚಿತ್ರ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ, ಒಳ್ಳೆಯ ವಿಮರ್ಶಕರು ಹಾಗೆ ತೂಗುವುದೂ ಇಲ್ಲ. ಆದರೆ ಐದು ನಕ್ಷತ್ರಗಳ ಪಟ್ಟಿ ಹಾಗೆ ತೂಗಿದಂತೆ ತೋರಿಸುತ್ತದೆ. ತೊಡಕು ಇರುವುದು ಅಲ್ಲಿಯೇ.

ವಿಮರ್ಶಕನು ಮೊದಲು ಕೇಳಿಕೊಳ್ಳಬೇಕಾದದ್ದು ಈ ಚಿತ್ರ ನೋಡುಗರಿಗೆ ಏನು ಕೊಡುವೆನೆಂದು ಹೇಳಿಕೊಂಡಿದೆ ಎಂಬುದನ್ನು. 2024ರ ಡಿಸೆಂಬರ್ 25ರಂದು ತೆರೆಕಂಡ ‘ಮ್ಯಾಕ್ಸ್’ ಒಂದೇ ರಾತ್ರಿಯಲ್ಲಿ ನಡೆಯುವ ಕಥೆ. ಅಮಾನತಿನ ಅವಧಿ ಮುಗಿಸಿ ಬಂದ ಪೊಲೀಸ್ ಅಧಿಕಾರಿಯೊಬ್ಬ ಬೆಳಗಾಗುವುದರೊಳಗೆ ತನ್ನ ಠಾಣೆಯ ಸಿಬ್ಬಂದಿಯನ್ನು ಕಾಪಾಡಿಕೊಳ್ಳಬೇಕು. ಇಂಥ ಚಿತ್ರ ನಮಗೆ ಮಾತು ಕೊಡುವುದು ಬಿಗುವಿನ ಬಗ್ಗೆ. ಗಡಿಯಾರದ ಒತ್ತಡ ಕೊನೆಯವರೆಗೆ ಸಡಿಲವಾಗದೆ ಉಳಿಯಿತೇ, ನಾಯಕನ ಗತ್ತನ್ನು ತೋರಿಸಲೆಂದೇ ಸೇರಿಸಿದ ದೃಶ್ಯಗಳು ಆ ಒತ್ತಡವನ್ನು ಹೆಚ್ಚಿಸಿದವೇ ಅಥವಾ ನಿಲ್ಲಿಸಿದವೇ, ಮುಂದಿನ ಅಪಾಯವನ್ನು ಪ್ರೇಕ್ಷಕ ಮೊದಲೇ ಊಹಿಸಿಬಿಟ್ಟನೇ ಎಂದು ಇಲ್ಲಿ ಕೇಳಬೇಕಾಗುತ್ತದೆ. ಪಾತ್ರಗಳ ಅಂತರಂಗ ಆಳವಾಗಿಲ್ಲವೆಂದು ದೂರುವುದು ಹೋಳಿಗೆ ತಿನ್ನುತ್ತಾ ಇದರಲ್ಲಿ ಖಾರವೇ ಇಲ್ಲವೆಂದು ಗೊಣಗಿದಂತಾಗುತ್ತದೆ. ನನ್ನ ಮಟ್ಟಿಗೆ ಸುದೀಪ್ ಅಭಿನಯದ ಆ ಚಿತ್ರದ ಬಲ ಅದರ ಕಾಲಮಿತಿ. ಕಥೆಗೆ ಒಂದೇ ರಾತ್ರಿ ಎಂಬ ಕಟ್ಟುಪಾಡು ಇದ್ದುದರಿಂದಲೇ ತಾರಾ ಚಿತ್ರಗಳಲ್ಲಿ ಅಭ್ಯಾಸಬಲದಿಂದ ಬಂದು ಸೇರುವ ಪ್ರೇಮಗೀತೆ, ಊರು ಸುತ್ತಾಟಗಳಿಗೆ ಅಲ್ಲಿ ಎಡೆ ಸಿಗಲಿಲ್ಲ.

2025ರ ಮಾರ್ಚ್ 7ರಂದು ಚಿತ್ರಮಂದಿರಗಳಿಗೆ ಬಂದ ಸುಮಂತ್ ಭಟ್ ನಿರ್ದೇಶನದ ‘ಮಿಥ್ಯ’ ಬೇರೆಯದೇ ಮಾತು ಕೊಡುತ್ತದೆ. ತಂದೆತಾಯಿಯನ್ನು ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬೈಯಿಂದ ಉಡುಪಿಯ ಬಂಧುಗಳ ಮನೆಗೆ ಬರುತ್ತಾನೆ. ಅವನು ಹೆಚ್ಚು ಮಾತಾಡುವುದಿಲ್ಲ. ದೊಡ್ಡವರು ಅವನ ಬಗ್ಗೆ ಮಾತಾಡುವುದನ್ನು ಕೇಳಿಸಿಕೊಳ್ಳುತ್ತಾನೆ. ದುಃಖವನ್ನು ವಿವರಿಸದೆಯೇ ನೋಡುಗನಿಗೆ ಮುಟ್ಟಿಸುತ್ತೇನೆ ಎಂಬುದು ಈ ಚಿತ್ರದ ಮಾತು. ಇಲ್ಲಿ ನಿಧಾನಗತಿಯನ್ನೇ ದೋಷವೆಂದು ಬರೆಯುವಂತಿಲ್ಲ. ಆ ನಿಧಾನದಲ್ಲಿ ಹುಡುಗನ ಮನಸ್ಸು ನಮಗೆ ಹತ್ತಿರವಾಗುತ್ತಿದೆಯೇ ಎಂದು ನೋಡಬೇಕು. ಬಾಲನಟ ಆತಿಶ್ ಶೆಟ್ಟಿಯ ಮುಖವನ್ನು ನಂಬಿ ನಿರ್ದೇಶಕರು ಸಂಭಾಷಣೆಯನ್ನು ಕೈಬಿಟ್ಟಿರುವ ಜಾಗಗಳಲ್ಲಿ ಆ ಮಾತು ಉಳಿದಿದೆ ಎಂದೇ ನನ್ನ ಅಭಿಪ್ರಾಯ. ಹಾಸ್ಯಪಾತ್ರಗಳಿಂದ ನಮಗೆ ಪರಿಚಿತರಾದ ಪ್ರಕಾಶ್ ತುಮಿನಾಡು ಅವರನ್ನು ಹುಡುಗನನ್ನು ಸಾಕುವ ಬಂಧುವಿನ ಪಾತ್ರದಲ್ಲಿ ಅಷ್ಟು ಸಂಯಮದಿಂದ ನೋಡಿದ್ದು ನನಗೆ ದೊರೆತ ಇನ್ನೊಂದು ಲಾಭ.

ಹಾಗೆಂದು ಪ್ರಕಾರದ ಹೆಸರು ಹೇಳಿ ಎಲ್ಲವನ್ನೂ ಮನ್ನಿಸುವುದೂ ಸಲ್ಲದು. ‘ಇದು ಮಾಸ್ ಚಿತ್ರ, ತರ್ಕ ಕೇಳಬೇಡಿ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೊಡೆದಾಟದ ಚಿತ್ರಕ್ಕೂ ತನ್ನದೇ ತರ್ಕವಿದೆ. ಶತ್ರು ಬಲಶಾಲಿಯಲ್ಲದಿದ್ದರೆ ನಾಯಕನ ಗೆಲುವಿಗೆ ಬೆಲೆಯಿಲ್ಲ ಎಂಬುದು ಅದರ ಮೊದಲ ಪಾಠ. ‘ಇದು ಕಲಾತ್ಮಕ ಚಿತ್ರ, ತಾಳ್ಮೆಯಿಂದ ನೋಡಿ’ ಎಂಬ ಮಾತೂ ಅಷ್ಟೇ ಅಪಾಯಕಾರಿ. ತಾಳ್ಮೆಯನ್ನು ಪ್ರೇಕ್ಷಕನಿಂದ ಕೇಳಿ ಪಡೆದ ಚಿತ್ರ ಅದಕ್ಕೆ ಪ್ರತಿಯಾಗಿ ಏನನ್ನಾದರೂ ಕೊಡಬೇಕಾಗುತ್ತದೆ.

ನಕ್ಷತ್ರದ ವಿಷಯಕ್ಕೆ ಮರಳುವುದಾದರೆ, ಮೂರೂವರೆ ಎಂಬ ಅಂಕಿಯಲ್ಲಿ ಈ ಯಾವ ವಿವರವೂ ಉಳಿಯುವುದಿಲ್ಲ. ತಾವು ಅಂಕಿಯನ್ನು ಬಿಟ್ಟು ಬರಹದ ನಡುವಿನ ಎರಡು ಪ್ಯಾರಾಗಳನ್ನು ಓದಿ. ಕಾರಣಗಳು ಸಾಮಾನ್ಯವಾಗಿ ಅಲ್ಲಿರುತ್ತವೆ. ಇಲ್ಲದಿದ್ದರೆ ಆ ವಿಮರ್ಶೆಯನ್ನು ಬದಿಗಿಡಬಹುದು.

ಪ್ರಶ್ನೆ: ಉಪೇಂದ್ರ ಅವರ ‘ಯುಐ’ ಬಗ್ಗೆ ಒಬ್ಬರು ಅದ್ಭುತವೆಂದರು, ಇನ್ನೊಬ್ಬರು ಅರ್ಥವೇ ಆಗಲಿಲ್ಲವೆಂದರು. ಇಷ್ಟು ವಿರುದ್ಧವಾದ ಅಭಿಪ್ರಾಯ ಬಂದಾಗ ನಮ್ಮಂಥವರು ಏನು ಮಾಡಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಇಂಥ ಚಿತ್ರವನ್ನು ಖಂಡಿತ ನೋಡಬೇಕು ಎಂದು ನಾನು ಹೇಳುತ್ತೇನೆ. ಎಲ್ಲರೂ ಒಂದೇ ದನಿಯಲ್ಲಿ ‘ಒಮ್ಮೆ ನೋಡಬಹುದು’ ಎಂದು ಬರೆದ ಚಿತ್ರಕ್ಕಿಂತ, ವಿಮರ್ಶಕರನ್ನು ಎರಡು ಪಾಳೆಯ ಮಾಡಿದ ಚಿತ್ರದಲ್ಲಿ ನಮ್ಮನ್ನು ಕೆಣಕುವ ಏನೋ ಇರುತ್ತದೆ.

2024ರ ಡಿಸೆಂಬರ್ 20ರಂದು ಬಿಡುಗಡೆಯಾದ ಈ ಚಿತ್ರದ ವಿಶೇಷವೆಂದರೆ, ಅದರೊಳಗೇ ಒಬ್ಬ ವಿಮರ್ಶಕನ ಪಾತ್ರವಿದೆ, ಮತ್ತು ಅವನಿಗೆ ತಾನು ನೋಡಿದ ಚಿತ್ರದ ವಿಮರ್ಶೆಯನ್ನು ಬರೆಯಲಾಗುತ್ತಿಲ್ಲ. ಅಂದರೆ ತನ್ನ ಬಗ್ಗೆ ಬರಬಹುದಾದ ಗೊಂದಲವನ್ನು ನಿರ್ದೇಶಕರು ಮೊದಲೇ ಕಥೆಯ ಭಾಗವಾಗಿ ಮಾಡಿಕೊಂಡಿದ್ದಾರೆ. ಮೆಚ್ಚಿದವರು ಈ ಧೈರ್ಯವನ್ನು ಮೆಚ್ಚಿದರು. ಮೆಚ್ಚದವರು, ಸಮಾಜಕ್ಕೆ ಹೇಳಬೇಕಾದ ಮಾತುಗಳು ದೃಶ್ಯಗಳಾಗದೆ ಸಂಕೇತಗಳ ರಾಶಿಯಾಗಿ ಉಳಿದವೆಂದು ಆಕ್ಷೇಪಿಸಿದರು. ನನಗೆ ಎರಡನೆಯ ಆಕ್ಷೇಪದಲ್ಲಿ ಹೆಚ್ಚು ಹುರುಳು ಕಂಡಿದೆ. ಒಗಟು ಬಿಡಿಸಿದ ಮೇಲೆ ದೊರೆಯುವ ಅರ್ಥ ನಾವು ಮೊದಲೇ ಬಲ್ಲ ಉಪದೇಶವಾಗಿದ್ದರೆ, ಒಗಟಿನ ಶ್ರಮ ವ್ಯರ್ಥವಾದಂತೆ ಅನಿಸುತ್ತದೆ. ಆದರೂ ಮೊದಲ ಪಾಳೆಯದವರ ಮಾತನ್ನು ಓದಿದ ನಂತರವೇ ಚಿತ್ರದ ಚೌಕಟ್ಟಿನ ಜಾಣ್ಮೆ ನನಗೆ ಸರಿಯಾಗಿ ಕಂಡಿತು ಎಂಬುದನ್ನು ಒಪ್ಪಿಕೊಳ್ಳಬೇಕು.

ಎರಡೂ ಬಗೆಯ ಒಂದೊಂದು ವಿಮರ್ಶೆಯನ್ನು ಓದಿ, ಚಿತ್ರ ನೋಡಿ, ಯಾರ ಜೊತೆ ತಾವು ವಾದಿಸಬೇಕೆನಿಸಿತು ಎಂದು ಗಮನಿಸಿ. ನಾಲ್ಕೈದು ಚಿತ್ರಗಳಿಗೆ ಹೀಗೆ ಮಾಡಿದರೆ ಯಾವ ವಿಮರ್ಶಕರ ರುಚಿ ಎಂಥದ್ದೆಂದು ತಮಗೆ ತಿಳಿದುಬಿಡುತ್ತದೆ. ಆಮೇಲೆ ಅವರು ಬೈದ ಚಿತ್ರವನ್ನೂ ತಾವು ಧೈರ್ಯವಾಗಿ ನೋಡಬಹುದು, ಏಕೆಂದರೆ ಅವರು ಏನನ್ನು ಬೈಯುತ್ತಾರೆಂದು ತಮಗೆ ಗೊತ್ತಿರುತ್ತದೆ.

ಪ್ರಶ್ನೆ: ‘ಸು ಫ್ರಮ್ ಸೋ’ ಚಿತ್ರವನ್ನು ಎಲ್ಲರೂ ಹೊಗಳಿದರು. ನಾನು ವಿಜಯಪುರದವಳು. ಚಿತ್ರಮಂದಿರದಲ್ಲಿ ನನಗೆ ಅರ್ಧದಷ್ಟು ಹಾಸ್ಯ ತಲುಪಲೇ ಇಲ್ಲ. ತಪ್ಪು ನನ್ನದೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಖಂಡಿತ ತಮ್ಮದಲ್ಲ. ತಾವು ಕೇಳಿರುವುದು ನಮ್ಮ ವಿಮರ್ಶೆಗಳಲ್ಲಿ ಬಹಳ ಅಪರೂಪಕ್ಕೆ ಚರ್ಚೆಗೆ ಬರುವ ಸಂಗತಿ.

ಜೆ.ಪಿ. ತುಮಿನಾಡು ಬರೆದು ನಿರ್ದೇಶಿಸಿ, ರಾಜ್ ಬಿ. ಶೆಟ್ಟಿ ನಿರ್ಮಾಣದಲ್ಲಿ ಪಾಲ್ಗೊಂಡ ಈ ಚಿತ್ರ 2025ರ ಜುಲೈ 25ರಂದು ಸೀಮಿತ ಸಂಖ್ಯೆಯ ಪ್ರದರ್ಶನಗಳೊಂದಿಗೆ ಬಿಡುಗಡೆಯಾಯಿತು. ದೊಡ್ಡ ತಾರೆಯರ ಹೆಸರಿಲ್ಲದೆ, ನೋಡಿದವರು ನೋಡದವರಿಗೆ ಹೇಳುತ್ತಾ ಹೋದದ್ದರಿಂದಲೇ ಪ್ರದರ್ಶನಗಳು ಹೆಚ್ಚಿದವು. ಕರಾವಳಿಯ ಊರೊಂದರ ಯುವಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಎಂಬ ಹೆಣ್ಣಿನ ದೆವ್ವ ಬಂದಿದೆಯೆಂದು ಊರಿಗೂರೇ ನಂಬಿಬಿಡುವುದು ಕಥೆಯ ಎಳೆ. ಹಾಸ್ಯ ಹುಟ್ಟುವುದು ಒಬ್ಬ ಹಾಸ್ಯನಟನ ಚಟಾಕಿಯಿಂದಲ್ಲ. ಒಂದು ಮದುವೆಗೋ ಸಾವಿಗೋ ಊರಿನವರು ಸೇರಿದಾಗ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವ ಬಗೆಯಿಂದ. ಆ ಮಾತಿನ ಲಯ ಮಂಗಳೂರು ಸೀಮೆಯ ಕನ್ನಡದ್ದು. ಅದನ್ನು ಕೇಳಿ ಬೆಳೆದವರಿಗೆ ಒಂದು ‘ಮಾರಾಯ’ ಸಾಕು ನಗಲು. ವಿಜಯಪುರದ ಕಿವಿಗೆ ಅದು ಒಂದು ಕ್ಷಣ ತಡವಾಗಿ ಮುಟ್ಟುತ್ತದೆ, ಅಷ್ಟರಲ್ಲಿ ಮುಂದಿನ ಮಾತು ಬಂದಿರುತ್ತದೆ.

ನಮ್ಮಲ್ಲಿ ಸಿನಿಮಾ ವಿಮರ್ಶೆ ಬರೆಯುವವರಲ್ಲಿ ಬಹುಪಾಲು ಜನ ಬೆಂಗಳೂರಿನಲ್ಲಿ ಕುಳಿತು ಬರೆಯುತ್ತಾರೆ. ಈ ಚಿತ್ರ ಕಲಬುರಗಿಯಲ್ಲಿ, ವಿಜಯಪುರದಲ್ಲಿ ಹೇಗೆ ಕೇಳಿಸುತ್ತದೆ ಎಂದು ಅವರು ಬರೆಯಲಿಲ್ಲ, ನಾನೂ ಬರೆಯಲಿಲ್ಲ. 2015ರಲ್ಲಿ, ಮಂಡ್ಯ ಜಿಲ್ಲೆಯ ಹಳ್ಳಿಯವರೇ ಅಭಿನಯಿಸಿದ ‘ತಿಥಿ’ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದಾಗಲೂ ಆ ಮಾತಿನ ಸೊಗಸು ಬೇರೆ ಸೀಮೆಯವರಿಗೆ ಎಷ್ಟು ದಕ್ಕಿತೆಂಬ ಪ್ರಶ್ನೆಯನ್ನು ನಾವು ಕೇಳಲಿಲ್ಲ. ಕೇಳಬೇಕಿತ್ತು ಎಂದು ತಮ್ಮ ಪತ್ರ ಓದಿದ ಮೇಲೆ ಅನಿಸುತ್ತಿದೆ.

ಹಾಸ್ಯ ತಪ್ಪಿದರೂ ತಮಗೆ ಇನ್ನೊಂದು ಸಂಗತಿ ಮುಟ್ಟಿರಬಹುದು. ದೆವ್ವವಾಗಿ ಊರನ್ನು ನಗಿಸಿದ ಸುಲೋಚನಾ ಒಂದು ಹಂತದ ನಂತರ ಬದುಕಿ ಬಾಳಿದ್ದ ಹೆಣ್ಣಾಗಿ, ಒಬ್ಬ ಮಗಳ ತಾಯಿಯಾಗಿ ನಮ್ಮೆದುರು ನಿಲ್ಲುತ್ತಾಳೆ. ಅಷ್ಟು ಹೊತ್ತು ನಕ್ಕವರಿಗೆ ತಾವು ಯಾರ ಹೆಸರು ಹಿಡಿದು ನಗುತ್ತಿದ್ದೆವು ಎಂದು ಹೊಳೆಯುತ್ತದೆ. ಈ ತಿರುವಿನಿಂದಾಗಿ ಅದು ಬರಿಯ ನಗೆಚಿತ್ರವಾಗಿ ಉಳಿಯುವುದಿಲ್ಲ. ಆ ಮಗಳ ಕಷ್ಟವನ್ನು ಇನ್ನಷ್ಟು ವ್ಯವಧಾನದಿಂದ ಹೇಳಬಹುದಿತ್ತೆಂಬುದು ನನ್ನ ಒಂದು ಕೊರಗು. ಹೊಗಳಿಕೆಯ ಭರಾಟೆಯಲ್ಲಿ ಅದನ್ನು ಹೇಳಿದವರು ಕಡಿಮೆ.

ಪ್ರಶ್ನೆ: ಮಕ್ಕಳನ್ನು ಕರೆದುಕೊಂಡು ಹೋಗಬಹುದೇ ಎಂಬುದನ್ನು ವಿಮರ್ಶಕರು ಏಕೆ ಬರೆಯುವುದಿಲ್ಲ?
– ಓದುಗರೊಬ್ಬರು, ಮೈಸೂರು

ಉತ್ತರ: ಬರೆಯಬೇಕು, ತಮ್ಮ ದೂರು ಸರಿಯಾಗಿದೆ. ಪೋಷಕರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಚಿತ್ರಗಳಿಗೆ ಸೆನ್ಸಾರ್ ಪ್ರಮಾಣಪತ್ರದಲ್ಲಿ ಮೊದಲು ‘ಯು/ಎ’ ಎಂಬ ಒಂದೇ ವರ್ಗವಿತ್ತು. 2023ರ ತಿದ್ದುಪಡಿ ಕಾಯ್ದೆ ಮತ್ತು 2024ರ ನಿಯಮಗಳ ನಂತರ ಅದನ್ನು ಏಳು, ಹದಿಮೂರು ಮತ್ತು ಹದಿನಾರು ವರ್ಷ ಎಂದು ಮೂರಾಗಿ ವಿಂಗಡಿಸಲಾಗಿದೆ. ಟಿಕೆಟ್ ಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಿ. ಆದರೆ ಪ್ರಮಾಣಪತ್ರ ತಿಳಿಸುವುದು ವಯಸ್ಸನ್ನು ಮಾತ್ರ. ‘ಮಿಥ್ಯ’ದಲ್ಲಿ ರಕ್ತಪಾತವಿಲ್ಲ, ಆದರೂ ಇತ್ತೀಚೆಗೆ ಮನೆಯಲ್ಲಿ ಸಾವು ಕಂಡ ಮಗುವಿಗೆ ಅದು ಭಾರವಾದೀತು. ಅಂಥ ಮಾತನ್ನು ವಿಮರ್ಶಕರೇ ಬರೆಯಬೇಕು.

ಪ್ರಶ್ನೆ: ಚಿತ್ರ ಬಿಡುಗಡೆಯಾದ ಮೂರು ದಿನ ವಿಮರ್ಶೆಯನ್ನೇ ನಿಷೇಧಿಸಬೇಕೆಂದು ನಿರ್ಮಾಪಕರು ಕೇಳುತ್ತಿದ್ದಾರೆ. ಕೋಟಿಗಟ್ಟಲೆ ಹಣ ಹಾಕಿದವರ ಕಷ್ಟವೂ ಕಷ್ಟವೇ ಅಲ್ಲವೇ? ವಿಮರ್ಶಕರು ಹಣ ಪಡೆದು ಬರೆಯುತ್ತಾರೆಂಬ ಮಾತೂ ಇದೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿರ್ಮಾಪಕರ ಕಷ್ಟ ನಿಜ. ಶುಕ್ರವಾರ ಬೆಳಗಿನ ಆಟದ ಇಂಟರ್‌ವಲ್‌ನಲ್ಲೇ ಮೊಬೈಲ್ ಹಿಡಿದು ‘ಚಿತ್ರ ಮುಗೀತು’ ಎಂದು ಸಾರುವವರಿಂದ ಸಣ್ಣ ಚಿತ್ರವೊಂದು ಭಾನುವಾರದೊಳಗೆ ಪರದೆ ಕಳೆದುಕೊಳ್ಳಬಹುದು. ಕೇರಳದ ಹೈಕೋರ್ಟ್‌ನಲ್ಲಿ ಇದೇ ವಿಷಯದ ವಿಚಾರಣೆ ನಡೆದಾಗ, ಬಿಡುಗಡೆಯ ನಂತರ 48 ಗಂಟೆ ಕಾಯಬೇಕೆಂಬ ಸಲಹೆ ನ್ಯಾಯಾಲಯಕ್ಕೆ ನೆರವಾಗಲು ನೇಮಕವಾದ ವಕೀಲರ ವರದಿಯಲ್ಲಿ 2024ರಲ್ಲಿ ಬಂದಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತಮಿಳು ನಿರ್ಮಾಪಕರು ಮೊದಲ ಮೂರು ದಿನ ವಿಮರ್ಶೆಗೆ ತಡೆ ಕೇಳಿದಾಗ, ಮದ್ರಾಸ್ ಹೈಕೋರ್ಟ್ ಅಭಿವ್ಯಕ್ತಿ ಸ್ವಾತಂತ್ರ್ಯದ ಕಾರಣ ನೀಡಿ ಮಧ್ಯಂತರ ತಡೆಗೆ ಒಪ್ಪಲಿಲ್ಲ. ನಾನು ಎರಡನೆಯದರ ಪರ. ಮೂರು ದಿನ ವಿಮರ್ಶೆ ನಿಂತರೆ ಆ ಮೂರು ದಿನ ಉಳಿಯುವುದು ಜಾಹೀರಾತು ಮಾತ್ರ. ಜಾಹೀರಾತಿಗೆ ಹಣವಿಲ್ಲದ ಚಿತ್ರಗಳಿಗೆ ಅದರಿಂದ ಆಗುವ ನಷ್ಟ ಹೆಚ್ಚು. 2024ರಲ್ಲಿ ಬಂದ ‘ಶಾಖಾಹಾರಿ’, ‘ಬ್ಲಿಂಕ್’ ಇಂಥ ಚಿತ್ರಗಳ ಬಗ್ಗೆ ವಿಮರ್ಶಕರು ಮೊದಲ ವಾರದಲ್ಲಿ ಬರೆಯದಿದ್ದರೆ ಎಷ್ಟು ಜನರಿಗೆ ಅವುಗಳ ಹೆಸರಾದರೂ ತಿಳಿಯುತ್ತಿತ್ತು?

ಹಣದ ಮಾತಿಗೆ ಬಂದರೆ, ಅದನ್ನು ಸುಳ್ಳೆಂದು ಹೇಳಲಾರೆ. ಕೆಲವು ವರ್ಷಗಳ ಹಿಂದೆ ಒಬ್ಬ ಪ್ರಚಾರ ನಿರ್ವಾಹಕರು ನನಗೆ ದೂರವಾಣಿ ಮಾಡಿ, ಅಚ್ಚಿಗೆ ಹೋಗುವ ಮುಂಚೆ ಒಂದು ನಕ್ಷತ್ರ ಹೆಚ್ಚಿಸಲು ಏನು ಬೇಕು ಎಂದು ಸಲೀಸಾಗಿ ಕೇಳಿದ್ದರು. ಆ ಸಲೀಸೇ ನನ್ನನ್ನು ಹೆಚ್ಚು ನೋಯಿಸಿತು, ಏಕೆಂದರೆ ಅದು ಅವರಿಗೆ ಅಭ್ಯಾಸವಾದ ಪ್ರಶ್ನೆಯಂತಿತ್ತು. ಅಂದಿನಿಂದ ನಾನು ನಕ್ಷತ್ರ ಕೊಡುವುದನ್ನು ನಿಲ್ಲಿಸಿದ್ದೇನೆ. ಮಾರಾಟವಾದ ಬರಹವನ್ನು ತಾವೇ ಗುರುತಿಸಬಹುದು. ಅದರಲ್ಲಿ ‘ಕುಟುಂಬ ಸಮೇತ ನೋಡಬಹುದಾದ ಚಿತ್ರ’, ‘ಛಾಯಾಗ್ರಹಣ ಕಣ್ಣಿಗೆ ಹಬ್ಬ’ ಎಂಬಂಥ ವಾಕ್ಯಗಳು ಇರುತ್ತವೆ; ಯಾವ ದೃಶ್ಯ, ಏಕೆ ಎಂಬುದು ಇರುವುದಿಲ್ಲ.

ಪ್ರಶ್ನೆ: ಪತ್ತೇದಾರಿ ಚಿತ್ರದ ಗುಟ್ಟನ್ನೇ ಬಯಲು ಮಾಡದೆ ವಿಮರ್ಶೆ ಬರೆಯಲು ಬರುವುದಿಲ್ಲವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಬರುತ್ತದೆ. ‘ಶಾಖಾಹಾರಿ’ಯನ್ನೇ ತೆಗೆದುಕೊಳ್ಳಿ. ಮಲೆನಾಡಿನ ಊರೊಂದರಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಸುಬ್ಬಣ್ಣ ಒಂದು ಅಪರಾಧದ ಸುಳಿಗೆ ಸಿಲುಕುತ್ತಾನೆ ಎಂಬಷ್ಟನ್ನು ಹೇಳಿ ನಿಲ್ಲಿಸಬಹುದು. ರಂಗಾಯಣ ರಘು ಆ ಪಾತ್ರದ ಭಯವನ್ನು ಕಣ್ಣಿಗಿಂತ ಹೆಚ್ಚಾಗಿ ಕೈಗಳಲ್ಲಿ ತೋರಿಸುತ್ತಾರೆ, ಅಡುಗೆಮನೆಯ ದಿನನಿತ್ಯದ ಕೆಲಸವೇ ಮೆಲ್ಲಗೆ ಭೀತಿಯ ವಸ್ತುವಾಗುತ್ತದೆ ಎಂದು ಬರೆದರೆ ಗುಟ್ಟು ಗುಟ್ಟಾಗಿಯೇ ಇರುತ್ತದೆ, ಚಿತ್ರ ಹೇಗಿದೆಯೆಂಬುದೂ ತಿಳಿಯುತ್ತದೆ. 2025ರ ಏಪ್ರಿಲ್‌ನಲ್ಲಿ ಬಂದ ‘ಅಜ್ಞಾತವಾಸಿ’ಯೂ ಮಲೆನಾಡಿನದ್ದೇ, ಅದರಲ್ಲೂ ರಘು ಅವರೇ ಇದ್ದಾರೆ. ಹಳ್ಳಿಗೆ ಮೊದಲ ಕಂಪ್ಯೂಟರ್ ಬರುವ ಕಾಲದ ಆ ಕಥೆಯಲ್ಲಿ ಕೊಂದವರು ಯಾರೆಂಬುದಕ್ಕಿಂತ, ಒಬ್ಬ ಮನುಷ್ಯ ಹಳೆಯದೊಂದು ಸಂಗತಿಯನ್ನು ಎದೆಯಲ್ಲಿಟ್ಟುಕೊಂಡು ಎಷ್ಟು ಕಾಲ ಸುಮ್ಮನಿರಬಲ್ಲ ಎಂಬುದು ನನಗೆ ಮುಖ್ಯವೆನಿಸಿತು. ಇದಕ್ಕಿಂತ ಹೆಚ್ಚು ಹೇಳಿದರೆ ತಮ್ಮ ದೂರಿಗೆ ನಾನೇ ಗುರಿಯಾಗುತ್ತೇನೆ. ಎರಡನ್ನೂ ಒಂದರ ಹಿಂದೊಂದು ನೋಡಿ; ರಘು ಅವರ ಕೈಗಳನ್ನು ಗಮನಿಸಿ, ಎರಡು ಚಿತ್ರಗಳಲ್ಲಿ ಅವು ಎರಡು ಬಗೆಯಲ್ಲಿ ಸುಮ್ಮನಿರುತ್ತವೆ.