ಊರ ತಂಡ ನಾಕೌಟ್‌ನಲ್ಲಿ ಫೈನಲ್ ಮುಟ್ಟುವುದು ಬರೀ ಅದೃಷ್ಟವಾ?

ನಿಮ್ಮ ಊರಿನ ಟೆನಿಸ್ ಬಾಲ್ ತಂಡ ಚೆನ್ನಾಗಿಯೇ ಆಡುತ್ತದೆ, ಆದರೂ ನಾಕೌಟ್ ಪಂದ್ಯಾಟಗಳಲ್ಲಿ ಎರಡನೇ ಸುತ್ತು ದಾಟುತ್ತಿಲ್ಲ ಅಂತ ಬರೆದಿದ್ದೀರಿ. ಇದು ಬರೀ ಅದೃಷ್ಟದ ಆಟವಾ, ಇಲ್ಲ ದುಡ್ಡು ಕೊಟ್ಟು ಹೊರಗಿನಿಂದ ಒಬ್ಬ ಸಿಕ್ಸರ್ ಹೊಡೆಯುವವನನ್ನು ಕರೆಸಬೇಕಾ ಅನ್ನುವುದು ನಿಮ್ಮ ಪ್ರಶ್ನೆ. ನಾನು ಕುಂದಾಪುರದ ಕಡೆಯವನು. ಆಡುವಷ್ಟು ವರ್ಷ ಆಡಿ, ಈಗ ಸ್ಕೋರ್ ಬರೆಯಲು ಕೂರುತ್ತೇನೆ. ಆ ಮೇಜಿನ ಹಿಂದೆ ಕೂತು ಕಂಡದ್ದನ್ನು ಹೇಳುತ್ತೇನೆ.

ಮೊದಲು ಅದೃಷ್ಟದ ಲೆಕ್ಕ. 32 ತಂಡ ಬಂದರೆ ಕಪ್ ಎತ್ತಲು ಸಾಲಾಗಿ ಐದು ಪಂದ್ಯ ಗೆಲ್ಲಬೇಕು. ನಿಮ್ಮದು ಹತ್ತರಲ್ಲಿ ಏಳು ಪಂದ್ಯ ಗೆಲ್ಲುವ ತಂಡ ಅಂತಲೇ ಇಟ್ಟುಕೊಳ್ಳಿ. ಸಣ್ಣ ತಂಡವೇನಲ್ಲ ಅದು. ಆದರೂ ಐದೂ ಸುತ್ತು ದಾಟುವ ಸಾಧ್ಯತೆ ಆರರಲ್ಲಿ ಒಂದು ಅಷ್ಟೇ. 32ಕ್ಕಿಂತ ಕಡಿಮೆ ತಂಡ ಬಂದು, ಲಾಟ್ಸ್ ಎತ್ತುವಾಗ ಒಂದು ಬೈ, ಅಂದರೆ ಆಡದೆಯೇ ಮೊದಲ ಸುತ್ತು ದಾಟುವ ಚೀಟಿ, ಸಿಕ್ಕಿದರೆ ಅದೇ ತಂಡಕ್ಕೆ ನಾಲ್ಕರಲ್ಲಿ ಒಂದು. ಅಂದರೆ ಒಂದು ಚೀಟಿಗೆ ಅಷ್ಟು ಬೆಲೆ! ಹಾಗಾಗಿ ಎರಡನೇ ಸುತ್ತಿನಲ್ಲಿ ಸೋತಿದ್ದಕ್ಕೆ ಕ್ಯಾಪ್ಟನ್ ಬದಲಿಸುವ ಜಗಳ ಬೇಡ. ಅದೃಷ್ಟ ಇದೆ, ಜಾಸ್ತಿಯೇ ಇದೆ.

ಆದರೆ ಅದಷ್ಟೇ ಅಲ್ಲ. ನಮ್ಮಲ್ಲಿ ಹೆಚ್ಚಿನ ಪಂದ್ಯ ಆರು ಓವರಿನದು, 36 ಚೆಂಡು. ಸೋತ ತಂಡದ ಹಾಳೆ ನೋಡಿದರೆ ಬ್ಯಾಟಿಂಗ್ ಕೆಟ್ಟಿದ್ದು ಕಡಿಮೆ. ಐದು ಓವರ್ ಚೆನ್ನಾಗಿ ಹಾಕಿರುತ್ತಾರೆ. ಒಂದೇ ಒಂದು ಓವರಿನಲ್ಲಿ ಎರಡು ವೈಡ್, ಒಂದು ನೋಬಾಲ್, ಬೌಂಡರಿಯಲ್ಲಿ ಕೈಯಿಂದ ಜಾರಿದ ಒಂದು ಕ್ಯಾಚ್. ಅಲ್ಲಿಗೆ ಇಪ್ಪತ್ತು ರನ್. ನಲವತ್ತು ಓವರಿನ ಆಟವಾದರೆ ಸರಿಮಾಡಿಕೊಳ್ಳಲು ಹೊತ್ತಿರುತ್ತದೆ. ಇಲ್ಲಿ ಇರುವುದಿಲ್ಲ. ಒಬ್ಬನಿಗೆ ಎರಡೇ ಓವರ್ ಅಂತ ಮಿತಿ ಇದ್ದರೆ ಕನಿಷ್ಠ ಮೂವರು ಬೌಲರ್ ಬೇಕು. ಹೆಚ್ಚಿನ ಊರ ತಂಡಗಳಲ್ಲಿ ಇರುವುದು ಇಬ್ಬರು, ಮೂರನೆಯವನು 'ಇವತ್ತು ನೀನು ಹಾಕು ಮಾರಾಯ' ಅಂತ ಅಲ್ಲೇ ಹುಟ್ಟಿದವನು. ನಾನು ನಿಮ್ಮ ಜಾಗದಲ್ಲಿದ್ದರೆ ಈ ಮೂರನೆಯವನನ್ನು ಮೊದಲು ತಯಾರು ಮಾಡುತ್ತಿದ್ದೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಉದಾಹರಣೆ ಹೇಳಬೇಕು. ಬ್ರಿಟನ್ನಿನಲ್ಲಿ ಬರೀ ಹಳ್ಳಿ ತಂಡಗಳಿಗೇ ಅಂತ ವಿಲೇಜ್ ಕಪ್ ಎಂಬ ಒಂದು ನಾಕೌಟ್ ಇದೆ. 1972ರಲ್ಲಿ ಶುರುವಾಗಿದ್ದು, ಫೈನಲ್ ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ. ಮೊದಲ ಕಪ್ ಗೆದ್ದದ್ದು ಕಾರ್ನ್‌ವಾಲ್‌ನ ಟ್ರೂನ್ ಎಂಬ ಹಳ್ಳಿ. ಜನಸಂಖ್ಯೆಗೆ ಮಿತಿ ಇದೆ, ದೊಡ್ಡ ಮಟ್ಟದಲ್ಲಿ ಆಡಿದವರನ್ನು ಸೇರಿಸಿಕೊಳ್ಳಲು ಕಟ್ಟುನಿಟ್ಟಿನ ನಿಯಮ ಇದೆ. ನಮ್ಮ ಗ್ರಾಮ ಮಟ್ಟದ ಪಂದ್ಯಾಟಗಳಲ್ಲಿ ಆಧಾರ್ ಕಾರ್ಡ್ ಕೇಳುತ್ತಾರಲ್ಲ, ಅದೇ ತಲೆನೋವು ಅಲ್ಲೂ ಇದೆ.

1985ರಲ್ಲಿ ಅದರ ಫೈನಲ್‌ಗೆ ಬಂದಿದ್ದು ಸ್ಕಾಟ್ಲೆಂಡಿನ ಫೈಫ್ ಪ್ರದೇಶದ ಫ್ರೂಕಿ ಎಂಬ ಹಳ್ಳಿ. ಸ್ಕಾಟ್ಲೆಂಡಿನವರು ಕ್ರಿಕೆಟ್ ಆಡುತ್ತಾರಾ ಅಂತ ಇಂಗ್ಲೆಂಡಿನವರೇ ನಗುತ್ತಿದ್ದ ಕಾಲ. ಇವರು ಬ್ಯಾಗ್‌ಪೈಪ್ ಊದಿಸಿಕೊಂಡು ಲಾರ್ಡ್ಸ್ ಗೇಟಿನೊಳಗೆ ಬಂದರು. ನಮ್ಮಲ್ಲಿ ಚೆಂಡೆಯವರನ್ನು ಕರೆದುಕೊಂಡು ಮೈದಾನಕ್ಕೆ ಇಳಿದ ಹಾಗೆ. ಎದುರಾಳಿ ಸರ‍್ರೆ ಕೌಂಟಿಯ ರೋಲೆಜ್. ಅವರು 134ಕ್ಕೆ ಆಲೌಟ್. ಫ್ರೂಕಿ ಎಂಟು ವಿಕೆಟ್ ಕಳೆದುಕೊಂಡು ಅಷ್ಟೇ, 134. ಸ್ಕೋರ್ ಸಮ. ನಿಯಮದ ಪ್ರಕಾರ ಕಡಿಮೆ ವಿಕೆಟ್ ಕಳೆದುಕೊಂಡವರಿಗೆ ಕಪ್. ಸ್ಕೋರ್ ಸಮ ಆದ ಮೇಲೆ ಕ್ರೀಸಿನಲ್ಲಿದ್ದವನು ಹೀರೋ ಆಗಲು ಹೋಗಲಿಲ್ಲ. ಉಳಿದ ಚೆಂಡುಗಳನ್ನು ಸುಮ್ನೆ ತಡೆದ. ಗೆದ್ದರು.

ನಮ್ಮೂರ ಹುಡುಗರಲ್ಲಿ ಎಷ್ಟು ಜನ ಹಾಗೆ ತಡೆಯುತ್ತಿದ್ದರು ಹೇಳಿ? ಮೈಕಿನಲ್ಲಿ ವಿವರಣೆಕಾರ 'ಒಂದು ರನ್ ಬೇಕಾಗಿದೆ' ಅಂತ ಕೂಗುತ್ತಿರುತ್ತಾನೆ, ಗದ್ದೆ ಸುತ್ತ ಜನ ಸಿಳ್ಳೆ ಹಾಕುತ್ತಿರುತ್ತಾರೆ. ಕಣ್ಣು ಮುಚ್ಚಿ ಬೀಸುವವರೇ ಜಾಸ್ತಿ. ಅದಕ್ಕೂ ಮೊದಲು, ಟೈ ಆದರೆ ಏನು ಅಂತ ನಿಯಮವೇ ಗೊತ್ತಿರುವುದಿಲ್ಲ. ಒಂದು ಕಡೆ ಇಬ್ಬರಿಗೂ ಇನ್ನೊಂದೊಂದು ಓವರ್ ಕೊಡುವ ಸೂಪರ್ ಓವರ್, ಇನ್ನೊಂದು ಕಡೆ ಬ್ಯಾಟ್ಸ್‌ಮನ್ ಇಲ್ಲದ ಸ್ಟಂಪಿಗೆ ಚೆಂಡು ಹಾಕುವ ಬೌಲ್ ಔಟ್, ಮತ್ತೊಂದು ಕಡೆ ಕಡಿಮೆ ವಿಕೆಟ್, ರಾತ್ರಿಯ ಆಟ ಮುಗಿಯದೆ ಬೆಳಕು ಹರಿಯುತ್ತಾ ಬಂದಿದ್ದರೆ ನಾಣ್ಯ ಚಿಮ್ಮುವುದು! ಪ್ರವೇಶ ಶುಲ್ಕ ಕಟ್ಟುವಾಗಲೇ ಕೇಳಿಕೊಳ್ಳಿ. ಚೆಂಡು ಮರದ ಮೇಲೆ ಬಿದ್ದರೆ ಎಷ್ಟು ರನ್, ತಡವಾಗಿ ಬಂದರೆ ಎಷ್ಟು ಓವರ್ ಕಡಿತ, ಎಲ್ಲ ಕೇಳಿ. ಆಟ ಶುರುವಾದ ಮೇಲೆ ಕೇಳಿದರೆ ಅದು ಜಗಳ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಹೊನಲು ಬೆಳಕಿನ ಪಂದ್ಯಾಟದಲ್ಲಿ ಮೊದಲ ಸುತ್ತು ರಾತ್ರಿ ಎಂಟಕ್ಕೆ ಇದ್ದರೆ ಸೆಮಿಫೈನಲ್ ಬೆಳಗಿನ ಜಾವ ಮೂರಕ್ಕೆ. ನಡುವೆ ಹುಡುಗರು ಗೋಳಿಬಜೆ, ಚರ್ಮುರಿ, ಆಮೇಲೆ ಇನ್ನೇನೇನೋ. ಇಬ್ಬರು ಓಮ್ನಿಯಲ್ಲಿ ಗೊರಕೆ. ಒಬ್ಬನಿಗೆ ಬೆಂಗಳೂರಿನ ಬಸ್ಸು. ಫೈನಲ್ ಹೊತ್ತಿಗೆ ಹನ್ನೊಂದು ಜನ ಎಚ್ಚರವಾಗಿ ನಿಂತ ತಂಡವೇ ಅರ್ಧ ಗೆದ್ದಿರುತ್ತದೆ. ಇದು ತಮಾಷೆಗೆ ಹೇಳಿದ್ದಲ್ಲ. ರಾತ್ರಿಯ ಇಬ್ಬನಿಗೆ ಒದ್ದೆಯಾದ ಚೆಂಡು, ಕಣ್ಣಿಗೆ ಹೊಡೆಯುವ ಲೈಟು, ಮೇಲೆ ನಿದ್ದೆ. ಕ್ಯಾಚ್ ಬಿಡದೆ ಇನ್ನೇನು?

ಈಗ ಬಾಡಿಗೆ ಹೊಡೆತಗಾರನ ವಿಷಯ. ಒಬ್ಬನೇ ಫೈನಲ್ ಗೆಲ್ಲಿಸಬಲ್ಲ, ನಿಜ. ಅದೇ ವಿಲೇಜ್ ಕಪ್ಪಿನ 1990ರ ಫೈನಲ್‌ನಲ್ಲಿ ಗೋಟೇಕರ್ ಎಂಬ ಹಳ್ಳಿಯ ಕೆವಿನ್ ಐಲ್ಸ್ 39 ಚೆಂಡಿಗೆ ಶತಕ ಹೊಡೆದ. ಆದರೆ ನೀವು ಕರೆಸುವವನು ಆರು ಓವರಿನಲ್ಲಿ ಹತ್ತು ಹನ್ನೆರಡು ಚೆಂಡು ಆಡಿದರೆ ಹೆಚ್ಚು. ಎರಡನೇ ಚೆಂಡಿಗೆ ಔಟಾದರೂ ದುಡ್ಡು ಕೊಡಲೇಬೇಕು. ಅವನಿಗೆ ಜಾಗ ಮಾಡಲು ವರ್ಷವಿಡೀ ಪಿಚ್ಚಿಗೆ ನೀರು ಹಾಕಿದ ಹುಡುಗನನ್ನು ಹೊರಗೆ ಕೂರಿಸುತ್ತೀರಿ. ಮುಂದಿನ ವಾರ ಆ ಹುಡುಗ ಬರುವುದಿಲ್ಲ, ಅವನ ಜೊತೆ ಇನ್ನಿಬ್ಬರು ಬರುವುದಿಲ್ಲ. ಹೀಗೆ ಒಡೆದ ತಂಡಗಳನ್ನು ನಾನು ನೋಡಿದ್ದೇನೆ.

ಕರೆಸಲೇಬೇಕು ಅಂತಿದ್ದರೆ ಬ್ಯಾಟ್ಸ್‌ಮನ್ ಬೇಡ, ಯಾರ್ಕರ್, ಅಂದರೆ ನೇರ ಕಾಲಬುಡಕ್ಕೆ ಬೀಳುವ ಚೆಂಡು, ಹಾಕುವ ಒಬ್ಬ ಬೌಲರನ್ನು ಕರೆಸಿ. ಅವನಿಗೆ ಹನ್ನೆರಡು ಚೆಂಡು ಖಾತ್ರಿ. ಅವನು ಬಂದಾಗ ನಿಮ್ಮ ಮೂರನೇ ಬೌಲರನ್ನು ಪಕ್ಕದಲ್ಲಿ ನಿಲ್ಲಿಸಿ, ಕೈ ಹೇಗೆ ತಿರುಗಿಸುತ್ತಾನೆ ನೋಡಿಕೊಳ್ಳಲಿ.