ಅಜ್ಜನ ಕೋವಿಗೆ ಹೊಳಪು ಬೇಡ

ಪ್ರಶ್ನೆ: ಅಜ್ಜ ತೀರಿಕೊಂಡ ಮೇಲೆ ಅವರ ಎರಡು ಕೋವಿ ನನ್ನ ಪಾಲಿಗೆ ಬಂದಿವೆ. ಒಂದು ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ಇನ್ನೊಂದು ತೋಟಾ ಹಾಕುವ ಜೋಡಿ ನಳಿಗೆಯದ್ದು, ಅದರ ನಳಿಗೆ ಮೇಲೆಲ್ಲ ಹಾವಿನ ಮೈಯಂಥ ಗೆರೆಗಳಿವೆ. ಎರಡಕ್ಕೂ ಅಲ್ಲಲ್ಲಿ ತುಕ್ಕು ಹಿಡಿದಿದೆ. ಉಜ್ಜಿಸಿ, ಪಾಲಿಶ್ ಹಾಕಿಸಿ ಗೋಡೆಗೆ ತೂಗುಹಾಕುವ ಆಸೆ. ನೆನಪಿಗೆ ಅಂತ ಒಂದು ಈಡು ಹೊಡೆದು ನೋಡಬಹುದಾ ಸಾರ್?

ಉತ್ತರ: ಪಾಲಿಶ್ ಮಾತು ಆಮೇಲೆ. ಕೇಪಿನ ಕೋವಿ ಖಾಲಿ ಇದೆಯಾ ನೋಡಿದ್ದೀರಾ? ತುಂಬಿದ ಈಡು ಹಾಗೇ ಉಳಿದು, ಕೋವಿ ದಶಕಗಟ್ಟಲೆ ಮೂಲೆಯಲ್ಲಿ ಕೂತಿರುವುದು ಹೊಸದೇನಲ್ಲ. ಕರಿಮದ್ದು ಒಣಗಿದ್ದರೆ ಎಷ್ಟು ವರ್ಷವಾದರೂ ಅದಕ್ಕೆ ಜೀವ ಇರುತ್ತದೆ.

ಕೇಪು ಅಂದರೆ ಕುದುರೆ ಬಡಿದಾಗ ಕಿಡಿ ಹಾರಿಸಿ ಮದ್ದಿಗೆ ಬೆಂಕಿ ಕೊಡುವ ಪುಟ್ಟ ಲೋಹದ ಟೋಪಿ. ಅದು ಕೂರುವ ಜಾಗದಲ್ಲಿ ಕೇಪು ಕಂಡರೆ ಮುಟ್ಟಲೇಬೇಡಿ, ತಿಳಿದವರನ್ನು ಕರೆಸಿ. ಇಲ್ಲದಿದ್ದರೆ ಹೀಗೆ ನೋಡಿ. ತೆಳುವಾದ ಮರದ ಕಡ್ಡಿಯನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಬಿಡಿ. ಮುಖ, ಕೈ ನಳಿಗೆಯ ಬಾಯಿಗೆ ಅಡ್ಡ ಬರಬಾರದು. ಕಡ್ಡಿ ನಿಂತ ಕಡೆ, ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ. ಹೊರಗೆ ತೆಗೆದು, ಆ ಗುರುತನ್ನು ಬಾಯಿಗೇ ಹೊಂದಿಸಿ ಕಡ್ಡಿಯನ್ನು ನಳಿಗೆಯ ಹೊರಮೈ ಉದ್ದಕ್ಕೂ ಇಡಿ. ತುದಿ ಕೇಪಿನ ಜಾಗದವರೆಗೆ ಬಂದರೆ ಒಳಗೆ ಏನೂ ಇಲ್ಲ. ಒಂದೆರಡು ಇಂಚು ಮೊದಲೇ ನಿಂತರೆ ಏನೋ ಕೂತಿದೆ. ಕಣಜದ ಗೂಡೂ ಇರಬಹುದು, ಆದರೆ ಈಡು ಎಂದೇ ತಿಳಿಯಿರಿ. ಅದನ್ನು ತೆಗೆಯುವುದು ಕೋವಿ ರಿಪೇರಿಯವರ ಕೆಲಸ, ನಿಮ್ಮದಲ್ಲ. ಜೋಡಿ ನಳಿಗೆಯದ್ದನ್ನು ಬುಡದಲ್ಲಿ ಮಡಚಿ, ಒಳಗೆ ತೋಟಾ ಇದೆಯಾ ನೋಡಿದರೆ ಸಾಕು.

ಕಾಗದಪತ್ರದ ವಿಷಯ: ಕಾನೂನು ದೇಶಕ್ಕೊಂದು ಥರ. ಅಜ್ಜನ ಲೈಸೆನ್ಸ್ ತಾನಾಗೇ ಮೊಮ್ಮಗನದ್ದಾಗುತ್ತದೆ ಅಂದುಕೊಳ್ಳಬೇಡಿ. ಪೊಲೀಸರನ್ನು ಫೋನಿನಲ್ಲಿ ಕೇಳಿ. ಕೋವಿ ಹೆಗಲಿಗೇರಿಸಿಕೊಂಡು ಠಾಣೆಗೆ ಹೋಗಬೇಡಿ.

ಈಡು ಹೊಡೆಯುವುದು ಬೇಡ. ಹಾವಿನ ಮೈಯಂಥ ಗೆರೆ ಇರುವುದಕ್ಕೆ ಡಮಾಸ್ಕಸ್ ನಳಿಗೆ ಅನ್ನುತ್ತಾರೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸರಳಿಗೆ ಸುತ್ತಿ, ಕಾಯಿಸಿ ಬಡಿದು ಬೆಸೆದದ್ದು. ಬೆಲ್ಜಿಯಂನ ಲಿಯೇಜ್, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಇದಕ್ಕೆ ಹೆಸರಾಗಿದ್ದವು. ಅವು ಕರಿಮದ್ದಿನ ಕಾಲದವು. 1880ರ ದಶಕದಲ್ಲಿ ಹೊಗೆ ಕಾರದ ಮದ್ದು ಬಂತು, ಈಗಿನ ತೋಟಾಗಳಲ್ಲಿ ಇರುವುದು ಅದರ ಪೀಳಿಗೆಯೇ. ಅದು ಹುಟ್ಟಿಸುವ ಹೆಚ್ಚಿನ ಒತ್ತಡಕ್ಕೆ ಹಳೆಯ ಬೆಸುಗೆ ಬಿಟ್ಟರೆ ನಳಿಗೆ ಸೀಳುವುದು ನಿಮ್ಮ ಎಡಗೈ ಇರುವ ಕಡೆಯೇ. ಮೇಲೆ ಚೆನ್ನಾಗಿ ಕಂಡರೂ ಬೆಸುಗೆಯ ಒಳಗೆ ತುಕ್ಕು ತಿಂದಿರಬಹುದು.

ಇನ್ನು ಪಾಲಿಶ್. ದಯವಿಟ್ಟು ಎಮರಿ ಪೇಪರ್, ತಿರುಗುವ ಬ್ರಷ್ ಹತ್ತಿರ ತರಬೇಡಿ. ಕಬ್ಬಿಣ, ಉಕ್ಕು ಬೇರೆ ಬೇರೆ ಬಣ್ಣಕ್ಕೆ ತಿರುಗಿದ್ದರಿಂದಲೇ ಆ ಗೆರೆಗಳು ಕಾಣುತ್ತಿವೆ. ಉಜ್ಜಿದರೆ ಹೋಗುತ್ತವೆ. ನಳಿಗೆಯ ಬುಡದಲ್ಲಿ, ಕೆಳಮೈಯಲ್ಲಿ ಪುಟ್ಟ ಮುದ್ರೆಗಳಿರುತ್ತವೆ, ಅವೂ ಹೋಗುತ್ತವೆ. ಭೂತಗನ್ನಡಿ ಹಿಡಿದು ನೋಡಿ. ಮೊಟ್ಟೆಯಾಕಾರದೊಳಗೆ ‘ಇಎಲ್‌ಜಿ’ (ELG) ಅಕ್ಷರ ಇದ್ದರೆ ಅದು ಲಿಯೇಜ್‌ನಲ್ಲಿ ನಳಿಗೆಯ ಗಟ್ಟಿತನ ಪರೀಕ್ಷೆಯಾದ ಕೋವಿ. ಮೇಲೆ ಕಿರೀಟವೂ ಇದ್ದರೆ 1893ರಿಂದ ಈಚಿನದು. ಹೊಳಪಿನ ಆಸೆಗೆ ಇಂಥ ಗುರುತು ಅಳಿಸಿಕೊಂಡ ಕೋವಿಗೆ ಸಂಗ್ರಹಕಾರರ ಹತ್ತಿರ ಬೆಲೆಯೂ ಇಲ್ಲ.

ಬೆರಳಿಗೆ ಕೆಂಪು ಪುಡಿ ಹತ್ತುವ ತುಕ್ಕನ್ನಷ್ಟೇ ನಿಲ್ಲಿಸಿ. ಗಟ್ಟಿಯಾಗಿ ಕೂತ ಕಂದು ಪದರ ಇರಲಿ. ತುಕ್ಕಿನ ಮೇಲೆ ತೆಳು ಎಣ್ಣೆ ಹಚ್ಚಿ ಒಂದು ದಿನ ಬಿಡಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಜಗ್ಗದಿದ್ದರೆ 0000 ನಂಬರಿನ, ಅಂದರೆ ಅತಿ ನಯವಾದ ಎಳೆಯ ಸ್ಟೀಲ್ ವುಲ್ ಅನ್ನು ಎಣ್ಣೆಯಲ್ಲಿ ಅದ್ದಿ, ಮೊದಲು ಕಾಣದ ಜಾಗದಲ್ಲಿ ಹಗುರವಾಗಿ ಉಜ್ಜಿ ನೋಡಿ. ನಳಿಗೆಯ ಒಳಗಿನ ಕರಿಮದ್ದಿನ ಮಡ್ಡಿಯಲ್ಲಿ ತೇವ ಎಳೆಯುವ ಉಪ್ಪಿರುತ್ತದೆ. ಅದು ಎಣ್ಣೆಗೆ ಕರಗದು, ಬಿಸಿನೀರಿಗೆ ಕರಗುತ್ತದೆ. ಖಾಲಿ ಎಂದು ಖಾತ್ರಿಯಾದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ. ಮರದ ಹಿಡಿಗೆ ವಾರ್ನಿಶ್ ಬೇಡ. ಆ ಕಪ್ಪು ನಿಮ್ಮ ಹಿರಿಯರ ಕೈ ಜಿಡ್ಡಿನದ್ದು, ಇರಲಿ ಬಿಡಿ.

ಗೋಡೆ ನನಗೆ ಸರಿ ಕಾಣುವುದಿಲ್ಲ. ಮಕ್ಕಳು, ಕಳ್ಳರು, ಗೋಡೆಯ ಥಂಡಿ. ಬೀಗ ಹಾಕುವ ಉಕ್ಕಿನ ಬೀರು ಒಳ್ಳೆಯದು.

ಪ್ರಶ್ನೆ: ಅಜ್ಜಿ ಕೋವಿಗೆ ಎಣ್ಣೆ ಸುರಿದು ಚರ್ಮದ ಚೀಲದಲ್ಲಿ ಇಟ್ಟಿದ್ದರು. ಜೊತೆಗೆ ಹಳೇ ತೋಟಾಗಳೂ ಇವೆ. ಹಾಗೇ ಬಿಡಬಹುದಾ?

ಉತ್ತರ: ಬೇಡ. ಚರ್ಮ ತೇವ ಹಿಡಿಯುತ್ತದೆ. ಅದನ್ನು ಹದ ಮಾಡಿದ ರಾಸಾಯನಿಕವೂ ಲೋಹವನ್ನು ತಿನ್ನುತ್ತದೆ. ಚೀಲ ಬೇರೆ ಇಡಿ, ಕೋವಿ ಬೇರೆ ಇಡಿ. ಎಣ್ಣೆ ಜಾಸ್ತಿಯಾದರೂ ಕಷ್ಟ: ಹಿಡಿ ಕೆಳಗೆ ಮಾಡಿ ನಿಲ್ಲಿಸಿದರೆ ಅದು ಮರಕ್ಕಿಳಿದು ಮರ ಮೆತ್ತಗಾಗುತ್ತದೆ. ಮಲಗಿಸಿ ಇಡಿ. ಬೀರುವಿನ ಗಾಳಿಯ ತೇವಾಂಶ ಶೇ 50ರ ಆಸುಪಾಸು ಇರಲಿ. ಬರಿಗೈಯಲ್ಲಿ ಮುಟ್ಟಿದ ಕಡೆ ಬೆವರಿನ ಉಪ್ಪು ಉಳಿಯುತ್ತದೆ, ಒರೆಸಿಯೇ ಒಳಗಿಡಿ. ತೋಟಾಗಳನ್ನು ಕಸಕ್ಕೆ ಹಾಕಬೇಡಿ, ಬಿಚ್ಚಲೂ ಹೋಗಬೇಡಿ. ಪೊಲೀಸರಿಗೆ ತಿಳಿಸಿ ಒಪ್ಪಿಸಿ.

ಇದು ಯಾರ ಕೋವಿ, ಯಾರಿಂದ ಬಂತು, ಯಾವಾಗ ಕೊಂಡದ್ದು ಎಂದು ಅಜ್ಜಿಯನ್ನು ಈಗಲೇ ಕೇಳಿ ಬರೆದಿಡಿ. ಹಳೆ ಲೈಸೆನ್ಸು, ರಸೀದಿ ಸಿಕ್ಕರೆ ಜೊತೆಗೆ ಸೇರಿಸಿ. ಆ ಹಾಳೆಗಳನ್ನು ಸುರುಳಿ ಸುತ್ತಿ ನಳಿಗೆಯೊಳಗೆ ತುರುಕಬೇಡಿ ಮಾತ್ರ. ಹಾಗೆ ಮಾಡುವವರಿದ್ದಾರೆ. ಕಾಗದ ತೇವ ಹೀರಿ ಅಲ್ಲೇ ತುಕ್ಕು ಶುರುವಾಗುತ್ತದೆ.