ನೋಯುವ ಜಡೆ ಕೂದಲನ್ನು ಕಾಯುವುದಿಲ್ಲ

ಗುಂಗುರು ಕೂದಲಿನ ಬಗ್ಗೆ ಬರುವ ಪತ್ರಗಳಲ್ಲಿ ಒಂದೇ ದೂರು ಮತ್ತೆ ಮತ್ತೆ: ‘ಪ್ರೊಟೆಕ್ಟಿವ್ ಸ್ಟೈಲ್ (ಕೂದಲು ಮುರಿಯದಂತೆ ಹೆಣೆದು ಕಟ್ಟಿಡುವ ಶೈಲಿ) ಮಾಡಿಸಿದರೂ ಕೂದಲು ಹೋಗುತ್ತಿದೆ.’ ಈ ಸಲ ಅದಕ್ಕೇ ಹೆಚ್ಚು ಜಾಗ.

ಪ್ರಶ್ನೆ: ನಾವು ಯಲ್ಲಾಪುರ ಕಡೆಯ ಸಿದ್ದಿಗಳು. ಮಗಳಿಗೆ 19 ವರ್ಷ, ಒತ್ತಾದ ಗುಂಗುರು ಕೂದಲು. ಪಾರ್ಲರ್‌ನಲ್ಲಿ ಚೌರಿ ಸೇರಿಸಿ ಸೊಂಟದವರೆಗೆ ಬಾಕ್ಸ್ ಬ್ರೇಡ್ (ತಲೆಯನ್ನು ಚೌಕ ಚೌಕವಾಗಿ ಭಾಗ ಮಾಡಿ ಹೆಣೆದ ಸಣ್ಣ ಜಡೆಗಳು) ಹಾಕಿಸಿದೆವು. ನೋವಿಗೆ ನಿದ್ದೆಯಿಲ್ಲ, ಹಣೆಯಂಚಿನಲ್ಲಿ ಗುಳ್ಳೆ ಎದ್ದಿವೆ. ‘ಹೊಸದರಲ್ಲಿ ಹಾಗೇ, ಮಾತ್ರೆ ತಗೊಳ್ಳಿ, ಮೂರು ತಿಂಗಳು ಬಿಚ್ಚಬೇಡಿ’ ಅಂದರು. ಇದು ಕೂದಲಿಗೆ ಒಳ್ಳೆಯದಲ್ಲವೇ?

ಉತ್ತರ: ಅಲ್ಲ. ಹಣೆಯಂಚಿನ ಸಾಲನ್ನು ಇವತ್ತೇ ಬಿಚ್ಚಿ. ಗುಳ್ಳೆಯಲ್ಲಿ ಕೀವಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ನೋವಿನ ಮಾತ್ರೆ ನುಂಗಿಸಿ ಕಳಿಸುವವರ ಕೈಗೆ ಮತ್ತೆ ತಲೆ ಕೊಡಬೇಡಿ; ಮಾತ್ರೆ ನೋವನ್ನು ಮುಚ್ಚುತ್ತದೆ, ಎಳೆತ ಹಾಗೇ ಇರುತ್ತದೆ.

ಬಾಕ್ಸ್ ಬ್ರೇಡ್, ನೆತ್ತಿಗಂಟಿ ಸಾಲಾಗಿ ಹೆಣೆಯುವ ಕಾರ್ನ್‌ರೋ, ಎರಡೆಳೆಯ ಟ್ವಿಸ್ಟ್, ಸುರುಳಿ ಸುತ್ತಿದ ಪುಟ್ಟ ಗಂಟುಗಳ ಬಂಟು ನಾಟ್, ಸಾದಾ ತುರುಬು, ಯಾವುದೇ ಆಗಲಿ, ಹೆಸರು ರಕ್ಷಣೆ ಕೊಡುವುದಿಲ್ಲ. ಕೂದಲಿನ ತುದಿ ಒಳಗೆ ಅಡಗಿರಬೇಕು, ಬುಡ ಎಳೆಯಬಾರದು, ದಿನಾ ಬಾಚುವ ಕೆಲಸ ತಪ್ಪಬೇಕು, ನೆತ್ತಿ ತೊಳೆಯಲು ಸಿಗಬೇಕು. ಗುಂಗುರು ಎಳೆ ತಿರುವು ತಿರುವಿನಲ್ಲೂ ದುರ್ಬಲ. ನೆತ್ತಿಯ ಜಿಡ್ಡು ಆ ಸುರುಳಿಗಳನ್ನು ದಾಟಿ ತುದಿಗೆ ಇಳಿಯದು; ಒಣಗಿದ ತುದಿ ಬಟ್ಟೆಗೆ ಉಜ್ಜಿ ತುಂಡಾಗುತ್ತದೆ. ಕಾಯಬೇಕಾದದ್ದು ಈ ತುದಿಯನ್ನು. ಅದಕ್ಕಾಗಿ ಬುಡವನ್ನೇ ಬಲಿ ಕೊಟ್ಟರೆ ಏನು ಬಂತು? ಬಿಗಿ ಕಟ್ಟಿ ಕಟ್ಟಿ ಹಣೆಯಂಚು ಬೋಳಾಗುವುದನ್ನು 1907ರಲ್ಲೇ ಗ್ರೀನ್‌ಲ್ಯಾಂಡ್‌ನ ಹೆಂಗಸರಲ್ಲಿ ಗುರುತಿಸಿದ್ದರು, ಅವರದು ನೇರ ಕೂದಲು. ತಪ್ಪು ನಿಮ್ಮ ಮಗಳ ಕೂದಲಿನದಲ್ಲ. ಬೇಗ ಬಿಟ್ಟರೆ ಕೂದಲು ಮರಳುತ್ತದೆ. ವರ್ಷಗಟ್ಟಲೆ ಎಳೆದರೆ ಬುಡವೇ ಕಲೆಗಟ್ಟಿ ಮತ್ತೆ ಹುಟ್ಟುವುದಿಲ್ಲ.

ಮುಂದೆ ಹಾಕಿಸುವುದಿದ್ದರೆ ಗುಳ್ಳೆ ಪೂರ್ತಿ ಆರಿದ ಮೇಲೆ. ಬೈತಲೆಯ ಚೌಕ ಸುಮಾರು ಎರಡೂವರೆ ಸೆಂಟಿಮೀಟರ್ ಇರಲಿ. ಚಿಕ್ಕ ಚೌಕಕ್ಕೆ ದಪ್ಪ ಚೌರಿ ತೂಗಿದರೆ ಕೆಲವೇ ಎಳೆಗಳು ಇಡೀ ಭಾರ ಹೊರಬೇಕು. ಉದ್ದ ಭುಜಕ್ಕೆ ಸಾಕು. ಬುಡದಲ್ಲಿ ಗಂಟು ಬೇಡ: ಮೊದಲ ಎರಡು ಮೂರು ಹೆಣಿಗೆ ಸ್ವಂತ ಕೂದಲಿನದು, ಆಮೇಲೆ ಚೌರಿಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಲಿ. ಹಣೆಯಂಚಿನ ಸಣ್ಣ ಕೂದಲನ್ನು ಹೊರಗೇ ಬಿಡಲಿ. ಕುರ್ಚಿಯಿಂದ ಏಳುವ ಮೊದಲು ಮಗಳು ಹುಬ್ಬು ಏರಿಸಿ, ಕತ್ತು ಬಗ್ಗಿಸಿ ನೋಡಲಿ. ಎಲ್ಲಿ ಚರ್ಮ ಬುಡದೊಂದಿಗೆ ಡೇರೆಯಂತೆ ಎದ್ದು ನಿಂತಿದೆಯೋ ಅದನ್ನು ಅಲ್ಲೇ ಬಿಚ್ಚಿಸಬೇಕು.

ವಾರ ಹತ್ತು ದಿನಕ್ಕೊಮ್ಮೆ ಒಂದು ಪಾಲು ಶಾಂಪೂಗೆ ನಾಲ್ಕು ಪಾಲು ನೀರು ಬೆರೆಸಿ, ಮೂತಿಯಿರುವ ಬಾಟಲಿಯಿಂದ ಬೈತಲೆಯ ಗೆರೆಗಳಿಗೆ ಬಿಟ್ಟು ಬೆರಳ ತುದಿಯಲ್ಲಿ ಒತ್ತಿ ತೊಳೆಯಿರಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಬ್ರೇಡ್ ತಾನಾಗಿ ಒಣಗುವುದಿಲ್ಲ, ಒಳಗೆ ಮುಗ್ಗಲು ವಾಸನೆ ಹಿಡಿಯುತ್ತದೆ. ಡ್ರೈಯರ್‌ನ ತಣ್ಣನೆ ಗಾಳಿ ಬಿಡಿ, ರಾತ್ರಿ ಸ್ಯಾಟಿನ್ ಬಟ್ಟೆ ಕಟ್ಟಿ.

ಆರು ವಾರ ಸಾಕು, ಹಣೆಯಂಚಿನ ಸಾಲಿಗೆ ನಾಲ್ಕೇ. ಬಿಚ್ಚುವಾಗ ಸ್ವಂತ ಕೂದಲು ಎಲ್ಲಿ ಮುಗಿಯುತ್ತದೆಂದು ಮುಟ್ಟಿ ನೋಡಿ, ಅದರ ಕೆಳಗೆ ಚೌರಿ ಕತ್ತರಿಸಿ. ಬುಡದಲ್ಲಿ ಧೂಳು, ಜಿಡ್ಡು, ಉದುರಿದ ಎಳೆ ಸೇರಿ ಬೂದುಬಣ್ಣದ ಗಂಟಾಗಿರುತ್ತದೆ. ಅದಕ್ಕೆ ಕಂಡೀಷನರ್ ಸವರಿ ಬೆರಳಲ್ಲೇ ಬಿಡಿಸಿ, ಆಮೇಲೆ ತಲೆಗೆ ನೀರು. ಮೊದಲೇ ನೀರು ಹಾಕಿದರೆ ಗಂಟು ಬಿಗಿದು ಕತ್ತರಿಯೇ ಗತಿ. ಕೈತುಂಬ ಕೂದಲು ಬಂದರೆ ಗಾಬರಿ ಬೇಡ: ದಿನಕ್ಕೆ 50ರಿಂದ 100 ಎಳೆ ಎಲ್ಲರಿಗೂ ಉದುರುತ್ತವೆ, ಆರು ವಾರದ್ದು ಒಟ್ಟಿಗೆ ಕಾಣಿಸುತ್ತದೆ. ಮತ್ತೆ ಹೆಣೆಸುವ ಮುನ್ನ ಎರಡು ವಾರವಾದರೂ ತಲೆಗೆ ಬಿಡುವು ಕೊಡಿ.

ಪ್ರಶ್ನೆ: ಕಾಲೇಜಿನಲ್ಲಿ ಬ್ರೇಡ್ ಬಿಚ್ಚಿ ಬಾ ಎನ್ನುತ್ತಾರೆ.

ಉತ್ತರ: ಇದು ಶಿಸ್ತಿನ ಮಾತಲ್ಲ. ಇಂಥ ಕೂದಲಿನ ಕಾರಣಕ್ಕೆ ಶಾಲೆಯಲ್ಲಿ, ಕೆಲಸದಲ್ಲಿ ತಾರತಮ್ಯ ಮಾಡಬಾರದೆಂದು ಅಮೆರಿಕದ ಕ್ಯಾಲಿಫೋರ್ನಿಯಾ 2019ರಲ್ಲೇ ಕಾನೂನು ತಂದಿತು. ಪೋಷಕರು ಹೋಗಿ ಪ್ರಾಂಶುಪಾಲರ ಹತ್ತಿರ ಮಾತಾಡಿ.

ಪ್ರಶ್ನೆ: ಬ್ರೇಡ್ ಹಾಕಿದರೆ ಕೂದಲು ಬೇಗ ಬೆಳೆಯುತ್ತದಾ?

ಉತ್ತರ: ಇಲ್ಲ. ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರೇ; ತುದಿ ಮುರಿಯದೆ ಉಳಿಯುತ್ತದೆ, ಅಷ್ಟೇ.

ಪ್ರಶ್ನೆ: ರಿಲ್ಯಾಕ್ಸರ್ ಹಾಕಿ ನೇರ ಮಾಡಿಸಿದ ಕೂದಲಿಗೆ?

ಉತ್ತರ: ರಾಸಾಯನಿಕಕ್ಕೆ ಸೊರಗಿದ ಎಳೆಗೆ ಬಿಗಿ ಬ್ರೇಡ್ ಹಾಕುವುದು ಎಲ್ಲಕ್ಕಿಂತ ಅಪಾಯ. ಬೇಡ.

ಪ್ರಶ್ನೆ: ನನ್ನದು ನೇರ ಕೂದಲು, ನಾನೂ ಹಾಕಿಸಲೇ?

ಉತ್ತರ: ನಿಮಗೆ ಸಡಿಲವಾದ ಒಂಟಿ ಜಡೆ ಸಾಕು.

ಪ್ರಶ್ನೆ: ಬೋಳಾದ ಹಣೆಯಂಚಿಗೆ ಈರುಳ್ಳಿ ರಸ?

ಉತ್ತರ: ಅದು ಒಗ್ಗರಣೆಗೆ. ಗುಳ್ಳೆ ಎದ್ದ ಚರ್ಮಕ್ಕೆ ಹಚ್ಚಿದರೆ ಉರಿ ಹೆಚ್ಚುತ್ತದೆ. ಎಳೆತ ನಿಲ್ಲಿಸಿ, ವೈದ್ಯರನ್ನು ಕಾಣಿ.